ಬಾರ್ಲಾ, ಬಾರಮ್ಮಿ, ಬನ್ನಿ

ಅಪ್ಪನ ರಿಪೋರ್ಟು ಓದಿದ ನೆಂಟರೊಬ್ಬರು ಮಂಚದ ಪಕ್ಕದಲ್ಲೇ ನಿಂತು, "ಭಾಷೆ ನೂರಕ್ಕೆ ಇಪ್ಪತ್ತೊಂದು ಉಳಿದಿದೆಯಂತೆ" ಅಂದರು. ಪಾಸ್‌ಬುಕ್ಕಿನಲ್ಲಿ ಉಳಿದ ದುಡ್ಡು ಹೇಳಿದ ಹಾಗೆ. ಆ ಮಾತು ಇವತ್ತಿಗೂ ನನ್ನನ್ನು ಕೆರಳಿಸುತ್ತದೆ. ಭಾಷೆಯನ್ನು ಅಳೆದದ್ದಕ್ಕೆ ನನಗೆ ಸಿಟ್ಟಿಲ್ಲ. ಅಳತೆಗೆ ಸಿಕ್ಕಿದಷ್ಟೇ ಭಾಷೆ ಎಂದು ನಂಬುತ್ತಾರಲ್ಲ, ಅದಕ್ಕೆ ಸಿಟ್ಟು.

ಅಪ್ಪ ರಾಗಿ ತಳಿಗಳ ಸಂಶೋಧನೆ ನಡೆಯುವ ವಿ.ಸಿ. ಫಾರಂನ ತಾಕುಗಳಲ್ಲಿ ದುಡಿದವನು. ಒಂದು ಸಂಜೆ ಬದುವಿನಾಚೆ ಮೇಯುತ್ತಿದ್ದ ಹಸುವನ್ನು ಕರೆಯುವಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಉಳಿದದ್ದು "ಬಾ" ಒಂದೇ. ಪರೀಕ್ಷೆಯಲ್ಲಿ ಬಾಚಣಿಗೆ ತೋರಿಸಿ ಇದೇನು ಎಂದು ಕೇಳಿದರೆ "ಬಾ". ಬೀಗ ತೋರಿಸಿದರೂ "ಬಾ". ಹೆಸರಿಸುವ ಭಾಗಕ್ಕೆ ಸೊನ್ನೆ ಬಿತ್ತು.

ಕನ್ನಡಕ್ಕೆ ಪರೀಕ್ಷೆಯೇ ಇಲ್ಲ ಎಂದು ದೂರುವಂತಿಲ್ಲ. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡುತ್ತಿದೆ. ಪ್ರತಿಭಾ ಕಾರಂತರ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಕನ್ನಡದ ಧ್ವನಿ, ವಾಕ್ಯ, ಅರ್ಥ ಮೂರನ್ನೂ ನೋಡುತ್ತದೆ. ಮಿದುಳಿನ ಪೆಟ್ಟಿನಿಂದ ಕೆಟ್ಟ ಮಾತನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯೂ ಕನ್ನಡಕ್ಕೆ ಬಂದಿದೆ. ಮಾತಾಡುವುದು, ಕೇಳಿ ತಿಳಿಯುವುದು, ಹೇಳಿದ್ದನ್ನು ಮರಳಿ ಹೇಳುವುದು, ಹೆಸರಿಸುವುದು, ಈ ನಾಲ್ಕನ್ನು ಕೂಡಿಸಿ ಅದು ನೂರಕ್ಕೆ ಅಂಕ ಕೊಡುತ್ತದೆ. ಮೂಲ ಇಂಗ್ಲಿಷ್ ಪರೀಕ್ಷೆಯಲ್ಲಿ 93.8ಕ್ಕಿಂತ ಕಡಿಮೆ ಬಂದರೆ ಭಾಷೆಗೆ ಪೆಟ್ಟು ಬಿದ್ದಿದೆ ಎಂದು ಲೆಕ್ಕ.

1861ರಲ್ಲಿ ಬ್ರೊಕಾ, 1874ರಲ್ಲಿ ವೆರ್ನಿಕೆ ಎಂಬ ವೈದ್ಯರು ಮಿದುಳಿನ ಯಾವ ಜಾಗ ಕೆಟ್ಟರೆ ಯಾವ ಮಾತು ಹೋಗುತ್ತದೆಂದು ತೋರಿಸಿಕೊಟ್ಟರು. ಆ ನಕಾಶೆ ಇರಲಿ. ನನ್ನ ನಿದ್ದೆ ಕೆಡಿಸಿದವನು ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್. ಹತ್ತೊಂಬತ್ತನೇ ಶತಮಾನದ ಈ ಮನುಷ್ಯನ ಪ್ರಕಾರ ಮಾತಾಡುವುದೆಂದರೆ ಏನನ್ನಾದರೂ ನಿರೂಪಿಸುವುದು. ಬೈಗುಳ, ಉದ್ಗಾರ, ರೋಗಿಯ ಬಾಯಲ್ಲಿ ಮತ್ತೆ ಮತ್ತೆ ಬರುವ ತುಣುಕು ಇವೆಲ್ಲ ತಾವಾಗಿಯೇ ಹೊರಬೀಳುವಂಥವು, ಮಾತಲ್ಲ. ಅವನ ರೋಗಿಯೊಬ್ಬ ರೈಲ್ವೆ ಸಿಗ್ನಲ್ ನೋಡಿಕೊಳ್ಳುತ್ತಿದ್ದವನು, ಕೆಲಸದ ಜಾಗದಲ್ಲೇ ಬಿದ್ದವನು. ಅವನಿಗೆ ಉಳಿದದ್ದೂ "ಬಾ" ಎಂಬರ್ಥದ ಮಾತೇ. ಬೀಳುವ ಗಳಿಗೆಯಲ್ಲಿ ನಾಲಿಗೆಯ ತುದಿಗೆ ಬಂದದ್ದು ಹಾಗೇ ಅಂಟಿಕೊಂಡಿರಬಹುದು ಎಂದು ಜಾಕ್ಸನ್ ಊಹಿಸಿದ. ಇದನ್ನು ಓದಿದಾಗ ನಮ್ಮ ಬದುವೇ ಕಣ್ಣಿಗೆ ಕಟ್ಟಿತು.

ಆದರೆ ನಮ್ಮ "ಬಾ" ಒಂದೇ ಥರ ಬರುತ್ತಿರಲಿಲ್ಲ. ನನ್ನನ್ನು ಕಂಡರೆ "ಬಾರ್ಲಾ". ಮೊಮ್ಮಗಳು ಹೊಸಿಲು ದಾಟಿದರೆ "ಬಾರಮ್ಮಿ". ಡಾಕ್ಟರು ಬಂದಾಗ ಎಡಗೈಯನ್ನು ಎದೆಯ ತನಕ ಎತ್ತಿ "ಬನ್ನಿ". ಹಸುವಿಗೆ ಬರೀ "ಬಾ". ಕನ್ನಡದಲ್ಲಿ ಕ್ರಿಯಾಪದದ ಬಾಲ ಉದುರಿದರೆ ಉಳಿಯುವುದು ಅಪ್ಪಣೆ: ನೋಡು, ಕೊಡು, ಬಾ. ಪ್ರತ್ಯಯ ಕಳೆದುಕೊಂಡವನು ಹಿರಿಯರನ್ನೂ ಏಕವಚನದಲ್ಲಿ ಕರೆದುಬಿಡುತ್ತಾನೆ. ಅಪ್ಪ ಹಾಗೆ ಕರೆಯಲಿಲ್ಲ. ಎದುರಿಗಿರುವವರು ಯಾರು, ತನಗೇನಾಗಬೇಕು ಎಂಬುದನ್ನು ಆ ಬಾಲದಲ್ಲಿ ಹೇಳುತ್ತಿದ್ದ. ಇದು ನಿರೂಪಣೆಯಲ್ಲವಾದರೆ ಇನ್ನೇನು?

ಎಲ್ಲ ಭಾಷೆಗೂ ಇಂಥ ಬಾಲ ಇರುವುದಿಲ್ಲ. 1992ರಲ್ಲಿ ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಭಾಷೆಗೂ ಇದೇ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯನ್ನು ಒಗ್ಗಿಸಿದರು. ಅಲ್ಲಿ ಕ್ರಿಯಾಪದ ಆಳಿಗೆ ತಕ್ಕಂತೆ ಬದಲಾಗುವುದಿಲ್ಲ. ಇಂಗ್ಲಿಷಿನವನು ಉದುರಿಸುವಂಥ ಪ್ರತ್ಯಯಗಳು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಕ್ಷರದ ಸ್ವರ ಏರಿಳಿದರೆ ಪದವೇ ಬೇರೆ. ಆಡುವವನ ಮನಸ್ಸು ವಾಕ್ಯದ ಕೊನೆಯ ಪುಟ್ಟ ಅವ್ಯಯಗಳಲ್ಲಿರುತ್ತದೆ, ನಮ್ಮ "ಕಣೋ", "ಕಣೇ"ಗಳ ಹಾಗೆ. ಒಂದೊಂದು ಭಾಷೆ ಮುರಿಯುವ ಜಾಗ ಒಂದೊಂದು, ಹಾಗೇ ಉಳಿಯುವ ಜಾಗವೂ. ಬಾಚಣಿಗೆ ತೋರಿಸಿ ಕೇಳಿದರೆ ಇದು ಕಾಣುವುದಿಲ್ಲ.

ಇಲ್ಲಿಗೆ ಜಾಕ್ಸನ್ನನನ್ನು ಸೋಲಿಸಿದೆ ಎಂದುಕೊಂಡಿದ್ದೆ. ಆದರೆ ಅವನೇನು ಮೊಂಡನಲ್ಲ. ರೋಗಿಯ "ಹೂಂ", "ಊಹೂಂ" ಕೆಲವೊಮ್ಮೆ ನಿಜವಾದ ಉತ್ತರವಾಗಿರಬಹುದೆಂದು ಅವನೇ ಒಪ್ಪಿದ್ದ. ಅವನ ಕಡೆಯಿಂದ ಕೇಳಿಕೊಂಡರೆ ನನ್ನ ವಾದ ಸಡಿಲವಾಗುತ್ತದೆ. ಮಗನ ಮುಖ ಕಂಡರೆ "ಲಾ", ಬಿಳಿ ಕೋಟು ಕಂಡರೆ "ನ್ನಿ". ಅರವತ್ತು ವರ್ಷದ ಅಭ್ಯಾಸ ಇದು. ಮರ್ಯಾದೆಯೂ ತಾನಾಗಿಯೇ ಹೊರಬೀಳಬಹುದಲ್ಲ? ನಾನೇನೋ ಸರಿಹೋದದ್ದನ್ನಷ್ಟೇ ನೆನಪಿಟ್ಟುಕೊಂಡಿರಬಹುದು.

ಅಳತೆಯನ್ನು ಹಗುರ ಮಾಡಲು ಅಪ್ಪನೂ ಬಿಡುತ್ತಿರಲಿಲ್ಲ. ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತೆಗೆದದ್ದು ಅಪ್ಪ ದುಡಿದ ಆ ವಿ.ಸಿ. ಫಾರಂನಲ್ಲೇ. ತೆನೆ ಎಷ್ಟೇ ಚೆಂದ ಕಂಡರೂ ತಾಕಿನ ಕಾಳು ತೂಗದೆ ಅಪ್ಪ ಯಾವ ತಳಿಯನ್ನೂ ಹೊಗಳುತ್ತಿರಲಿಲ್ಲ. ಇಪ್ಪತ್ತೊಂದು ಇಲ್ಲದಿದ್ದರೆ ಆರು ತಿಂಗಳ ನಂತರ ಅಪ್ಪ ಸುಧಾರಿಸಿದನೋ ಇಲ್ಲವೋ ಯಾರಿಗೆ ತಿಳಿದೀತು?

ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಯಾರು ಬಂದರು, ಅಪ್ಪ ಏನಂದ, ಸರಿಯೋ ತಪ್ಪೋ. ಮೂರು ವಾರ ಬರೆದೆ. ಹೆಚ್ಚು ಸರಿಯೇ ಇತ್ತು. ನಾಲ್ಕನೇ ವಾರದ ಒಂದು ಬೆಳಿಗ್ಗೆ ನಾನು ಒಳಗೆ ಕಾಲಿಟ್ಟೆ. ಅಪ್ಪ ನನ್ನನ್ನು ದಿಟ್ಟಿಸಿ ನೋಡಿ, ಎಡಗೈಯನ್ನು ಎದೆಯ ತನಕ ಎತ್ತಿ, "ಬನ್ನಿ" ಅಂದ.

"ಮಗ ದೊಡ್ಡೋನಾದ ಅಂತ ಮರ್ವಾದೆ ಕೊಡ್ತಾವ್ನೆ ಕಣ್ಲಾ" ಅಂದಳು ಅವ್ವ. ನಾನು ಯಾರೆಂಬುದು ಅವನಿಗೆ ಮರೆತಿತ್ತೋ, ನಾಲಿಗೆ ಜಾರಿತೋ, ಅವ್ವ ಹೇಳಿದ್ದೇ ನಿಜವೋ. ಮೊದಲ ಎರಡು ಕಾಲಂ ತುಂಬಿದ್ದೇನೆ. ಮೂರನೆಯದು ಇನ್ನೂ ಖಾಲಿ ಇದೆ.