ಗಂಧಕದ ತಗಡಿನ ಮೇಲೆ ಮೂಡಿದ ಅಕ್ಷರ

ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುವ ಪ್ರತಿಯೊಬ್ಬರೂ ಚೆಸ್ಟರ್ ಕಾರ್ಲ್‌ಸನ್‌ಗೆ ಋಣಿಗಳು. ಎಡಿಸನ್, ಬೆಲ್ ಅವರನ್ನು ಶಾಲೆಯಲ್ಲೇ ಕಲಿತೆವು. ಈತನ ಹೆಸರು ನಮ್ಮ ಕಿವಿಗೆ ಬೀಳಲೇ ಇಲ್ಲ.

1906ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಕಾರ್ಲ್‌ಸನ್, ತಂದೆತಾಯಿ ಇಬ್ಬರೂ ಕಾಯಿಲೆ ಬಿದ್ದಿದ್ದರಿಂದ ಹುಡುಗನಾಗಿದ್ದಾಗಲೇ ದುಡಿದು ಮನೆ ನಡೆಸಿದವನು. ಭೌತಶಾಸ್ತ್ರ ಓದಿ, ಕೊನೆಗೆ ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗ ಸೇರಿದ. ಅಲ್ಲಿ ದಸ್ತಾವೇಜುಗಳ ಪ್ರತಿಗಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಒಂದೋ ಮತ್ತೆ ಟೈಪ್ ಮಾಡಬೇಕು, ಇಲ್ಲವೇ ದುಬಾರಿ ಫೋಟೊ ತೆಗೆಸಬೇಕು. ಅವನಿಗೋ ದೃಷ್ಟಿ ಮಂದ, ಜೊತೆಗೆ ಸಂಧಿವಾತ. ಕೆಲಸ ಮುಗಿಸಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಉಪಾಯ ಹುಡುಕಿದ.

ಕೆಲವು ವಸ್ತುಗಳು ಕತ್ತಲಲ್ಲಿ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡು, ಬೆಳಕು ಬಿದ್ದೊಡನೆ ಬಿಟ್ಟುಕೊಡುತ್ತವೆ. ಗಂಧಕ ಅಂಥದ್ದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಕಾರ್ಲ್‌ಸನ್ ಮತ್ತು ಸಹಾಯಕ ಒಟ್ಟೊ ಕೊರ್ನೈ, ಗಂಧಕ ಲೇಪಿಸಿದ ಸತುವಿನ ತಗಡನ್ನು ಕತ್ತಲಲ್ಲಿ ಕರವಸ್ತ್ರದಿಂದ ಉಜ್ಜಿದರು. ಅದರ ಮೇಲೆ ಆ ದಿನದ ತಾರೀಕನ್ನೂ ಊರಿನ ಹೆಸರನ್ನೂ ಬರೆದ ಗಾಜನ್ನಿಟ್ಟು, ಕೆಲವು ಕ್ಷಣ ದೀಪ ಹಾಯಿಸಿ, ನುಣ್ಣನೆಯ ಪುಡಿ ಉದುರಿಸಿ ಊದಿದರು. ಬೆಳಕು ಬಿದ್ದಲ್ಲಿ ಪುಡಿ ಹಾರಿಹೋಯಿತು. ಅಕ್ಷರದ ನೆರಳಿದ್ದಲ್ಲಿ ಕಚ್ಚಿಕೊಂಡಿತು. ಮೇಣದ ಕಾಗದ ಒತ್ತಿದಾಗ ಬರಹ ಅದಕ್ಕೆ ಇಳಿಯಿತು. ಇಂದಿನ ಟೋನರ್ ಯಂತ್ರಗಳ ಒಳಗುಟ್ಟೂ ಇಷ್ಟೇ.

ಆದರೆ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಇದನ್ನು ಬೇಡವೆಂದವು. ಐಬಿಎಂ, ಕೊಡಾಕ್, ಜನರಲ್ ಎಲೆಕ್ಟ್ರಿಕ್ ಕೂಡ. ಕಾರ್ಬನ್ ಕಾಗದವಿದೆಯಲ್ಲ ಎಂಬ ಭಾವನೆ ಆ ಕಾಲದ ಕಚೇರಿಗಳಲ್ಲಿ ಗಟ್ಟಿಯಾಗಿತ್ತು. ನನಗನ್ನಿಸುವುದು, ತೀರ್ಮಾನ ಹೇಳುವ ಸ್ಥಾನದಲ್ಲಿದ್ದವರು ದಿನವಿಡೀ ನಕಲು ಮಾಡಿ ಬೆರಳು ನೋಯಿಸಿಕೊಂಡವರಲ್ಲ. ಆ ನೋವು ಗೊತ್ತಿದ್ದವನಿಗೆ ಮಾತ್ರ ಅದರ ಅಗತ್ಯ ಅಷ್ಟು ಸ್ಪಷ್ಟವಾಗಿ ಕಂಡಿತು. 1944ರಲ್ಲಿ ಒಹಾಯೊದ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಕೈಹಿಡಿಯಿತು. ಬಳಿಕ ರಾಚೆಸ್ಟರ್‌ನ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ತನ್ನಲ್ಲಿದ್ದುದನ್ನೆಲ್ಲ ಇದರ ಮೇಲೆ ಸುರಿಯಿತು. ಮುಂದೆ ಜೆರಾಕ್ಸ್ ಆದದ್ದು ಅದೇ. ಗುಂಡಿ ಒತ್ತಿದರೆ ಸಾದಾ ಕಾಗದದ ಮೇಲೆ ಪ್ರತಿ ಕೊಡುವ 914 ಎಂಬ ಯಂತ್ರ ಹೊರಬಂದಾಗ 1959. ಅದರ ತೂಕ ಸುಮಾರು 300 ಕೆಜಿ.

ಇಪ್ಪತ್ತೊಂದು ವರ್ಷ ಕಾದವನಿಗೆ ಅಪಾರ ಹಣ ಬಂತು. 1968ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದರಲ್ಲಿ ಸುಮಾರು 10 ಕೋಟಿ ಡಾಲರ್ ದಾನವಾಗಿ ಹೋಗಿತ್ತು, ಹೆಚ್ಚಿನದು ಹೆಸರು ಹೇಳದೆ. ಆ ಮೊದಲ ಪ್ರಯೋಗದ ನಂತರ ನಂಬಿಕೆ ಕಳೆದುಕೊಂಡು ಬೇರೆ ಕೆಲಸ ಹಿಡಿದಿದ್ದ ಕೊರ್ನೈಯನ್ನೂ ಕಾರ್ಲ್‌ಸನ್ ಮರೆಯಲಿಲ್ಲ. ಅವನಿಗೆ ಜೆರಾಕ್ಸ್‌ನ 100 ಷೇರುಗಳನ್ನು ಉಡುಗೊರೆಯಾಗಿ ಕೊಟ್ಟ.