ಯಾರ ಆಸೆಗೆ ಯಾರ ಕಂಠ?



ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಮಗುವನ್ನು ಸಂಗೀತ ಪಾಠಕ್ಕೆ ಸೇರಿಸೋಣವೇ? ಐದು ವರ್ಷಕ್ಕೆ ಬೇಗವಾಯಿತೇ, ಹತ್ತಕ್ಕೆ ತಡವಾದೀತೇ? ಪಕ್ಕದ ಮನೆಯ ಹುಡುಗಿ ಕ್ರಿಸ್ತಜಯಂತಿಯ ರಾತ್ರಿ ಪೂಜೆಯಲ್ಲಿ ಒಬ್ಬಳೇ ನಿಂತು ಹಾಡಿದ್ದನ್ನು ಕೇಳಿ ಬಂದಿದ್ದರಂತೂ ಈ ಮಾತಿನ ಬಿಸಿ ಇನ್ನೂ ಹೆಚ್ಚು.

ವಯಸ್ಸಿನ ಪ್ರಶ್ನೆಗೆ ಉತ್ತರ ಅಷ್ಟೇನೂ ಕಷ್ಟವಲ್ಲ. ಏಳೆಂಟು ವರ್ಷದ ಮಗು ಶ್ರುತಿಗೆ ಕಿವಿಗೊಟ್ಟು ಕಾಲು ಗಂಟೆ ಒಂದೆಡೆ ಕುಳಿತುಕೊಳ್ಳುತ್ತದೆ ಎಂದಾದರೆ ಸರಳೆ ವರಸೆ ಆರಂಭಿಸಬಹುದು. ಅದಕ್ಕೂ ಮೊದಲೇ, ಸಂಜೆ ಜಪಸರದ ಕೊನೆಗೆ ತಾಯಿ ಹಾಡುವ ಹಾಡಿನಿಂದ ಮಗುವಿನ ಕಿವಿ ಬಹಳಷ್ಟನ್ನು ಕಲಿತಿರುತ್ತದೆ. ಕಷ್ಟದ ಪ್ರಶ್ನೆ ಬೇರೆ ಇದೆ. ಆ ಪಾಠ ಯಾರಿಗಾಗಿ?

ಇದನ್ನು ಯೋಚಿಸುವಾಗಲೆಲ್ಲ ನನಗೆ ಆಸ್ಟ್ರಿಯ ದೇಶದ ಒಬ್ಬ ತಂದೆ ನೆನಪಾಗುತ್ತಾರೆ. ರೋರಾವ್ ಎಂಬ ಹಳ್ಳಿಯ ಮಥಿಯಾಸ್ ಹೈಡನ್. ಗಾಡಿಯ ಚಕ್ರ ಮಾಡಿ ಬದುಕುತ್ತಿದ್ದವರು. ಸ್ವರಲಿಪಿ ಓದಲು ಬಾರದಿದ್ದರೂ ಹಾರ್ಪ್ ಎಂಬ ತಂತಿವಾದ್ಯ ನುಡಿಸಿಕೊಂಡು ಹಾಡುವುದೆಂದರೆ ಅವರಿಗೆ ಪ್ರಾಣ. 1732ರಲ್ಲಿ ಹುಟ್ಟಿದ ಮಗ ಜೋಸೆಫನ ಕಂಠ ಇಂಪಾಗಿತ್ತು. ಸುಮಾರು ಆರನೆಯ ವಯಸ್ಸಿನಲ್ಲೇ ಅವನನ್ನು ಬೇರೊಂದು ಊರಿನಲ್ಲಿ ಉಪಾಧ್ಯಾಯರಾಗಿದ್ದ ನೆಂಟರ ಮನೆಗೆ ಕಲಿಯಲು ಕಳಿಸಿಬಿಟ್ಟರು. ತಾಯಿಗೆ ಮಗ ಧರ್ಮಗುರುವಾಗಲಿ ಎಂಬ ಆಸೆ. ಆ ಹುಡುಗ ಮತ್ತೆಂದೂ ಹೆತ್ತವರ ಜೊತೆ ಬಾಳಲಿಲ್ಲ. ಆ ಮನೆಯಲ್ಲಿ ಊಟಕ್ಕಿಂತ ಏಟೇ ಹೆಚ್ಚು ಸಿಕ್ಕಿತೆಂದು ಮುದಿವಯಸ್ಸಿನಲ್ಲಿ ನೆನೆದುಕೊಂಡ. ಆದರೂ ಕಲಿಸಿದ್ದಕ್ಕೆ ಕೃತಜ್ಞನಾಗಿದ್ದ. ಎಂಟರ ಪ್ರಾಯಕ್ಕೆ ವಿಯೆನ್ನಾದ ಸಂತ ಸ್ತೆಫಾನರ ಪ್ರಧಾನಾಲಯದ ಗಾಯನ ವೃಂದ ಸೇರಿದ. ಮುಂದೆ ‘ಸೃಷ್ಟಿ’ ಎಂಬ ಮಹಾಕೃತಿಯನ್ನೂ ಬಲಿಪೂಜೆಗಾಗಿ ಹಲವು ಸಂಗೀತ ಕೃತಿಗಳನ್ನೂ ರಚಿಸಿದ ಜೋಸೆಫ್ ಹೈಡನ್ ಇವನೇ.

“ನೋಡಿ, ಬೇಗ ಕಳಿಸಿದ್ದಕ್ಕೇ ದೊಡ್ಡವನಾದ” ಎನ್ನುವಿರಾ? ಅವಸರ ಬೇಡ. ಹಾಗೆಯೇ ಮನೆಯಿಂದ ಕಳಿಸಲ್ಪಟ್ಟು ಏಟು ಮಾತ್ರ ತಿಂದು ಹೆಸರಿಲ್ಲದೆ ಹೋದ ಮಕ್ಕಳ ಕತೆಯನ್ನು ಯಾರೂ ಬರೆದಿಟ್ಟಿಲ್ಲ.

ಕತೆಗೆ ಇನ್ನೊಂದು ಭಾಗವಿದೆ. ಗಂಡುಮಕ್ಕಳ ಕಂಠ ಒಡೆಯದೆ ಎತ್ತರದಲ್ಲೇ ಉಳಿಯಲೆಂದು ಅವರ ಗಂಡಸುತನವನ್ನೇ ಕಸಿದುಕೊಳ್ಳುವ ಶಸ್ತ್ರಕ್ರಿಯೆ ಆ ಕಾಲದಲ್ಲಿ ನಡೆಯುತ್ತಿತ್ತು. ಹೇಳಲು ನೋವಾಗುತ್ತದೆ, ಆದರೂ ಮರೆಮಾಚಬಾರದು: ರೋಮಿನ ಸಿಸ್ಟೀನ್ ಪ್ರಾರ್ಥನಾಲಯದ ಗಾಯನ ವೃಂದದಲ್ಲೂ ಅಂಥವರು ಹಾಡಿದ್ದಾರೆ. ಅಲ್ಲಿ ಹಾಡಿದವರಲ್ಲಿ ಕೊನೆಯವರಾದ ಅಲೆಸ್ಸಾಂಡ್ರೊ ಮೊರೆಸ್ಕಿ ತೀರಿಕೊಂಡದ್ದು 1922ರಲ್ಲಿ. ಅವರ ದನಿ ಧ್ವನಿಮುದ್ರಿಕೆಯಲ್ಲಿ ಇಂದಿಗೂ ಉಳಿದಿದೆ. ಜೋಸೆಫನಿಗೂ ಇದನ್ನೇ ಮಾಡಿಸೋಣವೆಂದು ವೃಂದದ ಮುಖ್ಯಸ್ಥರು ಸೂಚಿಸಿದರಂತೆ. ಸುದ್ದಿ ತಿಳಿದ ತಂದೆ ವಿಯೆನ್ನಾಗೆ ಧಾವಿಸಿ ಬಂದು, ಆಗಲೇ ಆಗಿಹೋಯಿತೋ ಏನೋ ಎಂದು ಗಾಬರಿಯಿಂದ ಮಗನನ್ನೇ ವಿಚಾರಿಸಿದರಂತೆ. ಹೈಡನ್ನರನ್ನು ಬಲ್ಲ ಗ್ರೀಸಿಂಗರ್ ತಾವು ಬರೆದ ಜೀವನಚರಿತ್ರೆಯಲ್ಲಿ ಇದನ್ನು ಹೇಳಿದ್ದಾರೆ. ತಂದೆ ಒಪ್ಪಲಿಲ್ಲ. ಕಂಠ ತನ್ನ ಪಾಡಿಗೆ ಒಡೆಯಿತು. 1749ರಲ್ಲಿ, ಹದಿನೇಳರ ಪ್ರಾಯದಲ್ಲಿ, ಜೋಸೆಫನನ್ನು ವೃಂದದಿಂದ ಹೊರಹಾಕಿದರು.

ಎರಡು ಸಲವೂ ನಿರ್ಧರಿಸಿದವರು ಅದೇ ತಂದೆ. ಮೊದಲ ಸಲ ಅವರು ಮಾಡಿದ್ದು ಸರಿಯೋ ತಪ್ಪೋ ನಾನು ಹೇಳಲಾರೆ. ಎರಡನೆಯ ಸಲ ಅವರಿಗೆ ಒಂದು ಸಂಗತಿ ಹೊಳೆದಿರಬೇಕು. ಮಗನನ್ನು ಪಾಠಕ್ಕೆ ಕಳಿಸಿದವನು ಬೇಕೆಂದರೆ ಮರಳಿ ಕರೆತರಬಹುದು, ಆದರೆ ಕತ್ತಿ ಮಾಡಿದ್ದಕ್ಕೆ ಮರಳುವ ದಾರಿಯಿಲ್ಲ.

ನಮ್ಮ ಮನೆಗಳಲ್ಲಿ ಕತ್ತಿಯಿಲ್ಲ, ದೇವರಿಗೆ ಸ್ತೋತ್ರ. ಆದರೆ ಮರಳುವ ದಾರಿಯನ್ನು ಬೇರೆ ರೀತಿಯಲ್ಲಿ ಮುಚ್ಚುತ್ತೇವೆ. ನನ್ನ ಮಗಳು ಎರಡು ವರ್ಷ ಪಾಠಕ್ಕೆ ಹೋಗಿ ಒಂದು ದಿನ ಸಾಕು ಎಂದಳು. “ಇಷ್ಟು ಹಣ ಸುರಿದಿದ್ದೇವೆ, ಜನ ಏನನ್ನುತ್ತಾರೆ?” ಎಂದೆ. ಮತ್ತೆ ಮೂರು ತಿಂಗಳು ಹೋದಳು. ಪಾಠದಲ್ಲಿ ಹಾಡಿದಳು, ಆದರೆ ಸ್ನಾನದ ಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದಳು. ಅದು ನನ್ನ ಕಿವಿಗೆ ಬಿದ್ದದ್ದು ತಡವಾಗಿ. ಆದ್ದರಿಂದ ಪಾಠ ಆರಂಭಿಸಲು ತಕ್ಕ ಸಮಯ ಯಾವುದೆಂದು ಕೇಳಿದರೆ ನಾನು ಮಗುವಿನ ವಯಸ್ಸು ಹೇಳುವುದಿಲ್ಲ. ಮಗು ಸಾಕೆಂದರೆ ಅದಕ್ಕೆ ಕಿವಿಗೊಡಲು ಅಪ್ಪ ಅಮ್ಮ ಸಿದ್ಧರಾದ ಮೇಲೆ ಎನ್ನುತ್ತೇನೆ.

ಮಕ್ಕಳು ವಾರಕ್ಕೊಮ್ಮೆ ಸಾಕು ಅನ್ನುವುದಿಲ್ಲವೇ ಎಂದು ನೀವು ಕೇಳಬಹುದು. ನಿಜ. ಬೇಸರವಿಲ್ಲದೆ ಸರಳೆ ಕಲಿತವರು ಯಾರಿದ್ದಾರೆ! ಒಂದು ವರ್ಷ ಎಂದು ಮೊದಲೇ ಮಾತಾಡಿಕೊಳ್ಳಿ. ಆ ವರ್ಷ ಮುಗಿಯುವ ತನಕ ಮುನಿಸನ್ನು ಮುನಿಸೆಂದೇ ತಿಳಿಯಿರಿ. ಮುಗಿದ ಮೇಲೆ ಕೇಳಿ, ಕೇಳಿದ ಮೇಲೆ ಉತ್ತರವನ್ನು ಒಪ್ಪಿಕೊಳ್ಳಿ.

ಗಂಡುಮಕ್ಕಳ ತಂದೆತಾಯಿಯರಿಗೆ ಇನ್ನೊಂದು ಮಾತು. ಹನ್ನೆರಡರಿಂದ ಹದಿನೈದರ ನಡುವೆ ಸಾಮಾನ್ಯವಾಗಿ ಅವರ ಧ್ವನಿಪೆಟ್ಟಿಗೆ ಬೆಳೆದು ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆಗ ಹಾಡು ನಿಲ್ಲಿಸಬೇಕೆಂದಿಲ್ಲ. ಶ್ರುತಿ ತಗ್ಗಿಸಿ, ಒತ್ತಾಯವಿಲ್ಲದೆ ಹಾಡಿಸಿದರಾಯಿತು. ಹದಿನಾಲ್ಕರಲ್ಲಿ ನನ್ನ ಕಂಠ ಒಡೆದಾಗ, ಗಾಯನ ವೃಂದ ನಡೆಸುತ್ತಿದ್ದವರು ಎಲ್ಲರೆದುರು “ನೀನು ಬಾಯಿ ಮಾತ್ರ ಆಡಿಸು” ಅಂದರು. ಮೂವತ್ತು ವರ್ಷ ಹಾಗೆಯೇ ಮಾಡಿದೆ. ಮಗಳ ಮೇಲೆ ನನ್ನ ಆಸೆಯನ್ನು ಹೊರಿಸಿದ್ದು ಎಲ್ಲಿಂದ ಬಂತೆಂದು ಈಗ ಗೊತ್ತಾಗುತ್ತದೆ.

ದೊಡ್ಡವರ ಕತೆ ತಿರುಗುಮುರುಗು. ನಮ್ಮನ್ನು ಪಾಠಕ್ಕೆ ಕಳಿಸುವವರು ಯಾರೂ ಇಲ್ಲ, ಆದ್ದರಿಂದ ಹೋಗುವುದೇ ಇಲ್ಲ. ಈ ವಯಸ್ಸಿನಲ್ಲಿ ವೇದಿಕೆ ಹತ್ತುವುದುಂಟೇ ಎನ್ನುತ್ತೇವೆ. ಹಾಡು ಕಲಿಯುವುದು ವೇದಿಕೆಗೇ ಎಂದು ಯಾರು ಹೇಳಿದರು? 1963ರ ಡಿಸೆಂಬರ್ 4ರಂದು ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ಶಾಸನ, ಗಾಯನ ವೃಂದಗಳನ್ನು ಬೆಳೆಸಬೇಕೆನ್ನುವುದರ ಜೊತೆಗೆ ಜನರೆಲ್ಲರೂ ಹಾಡಿನಲ್ಲಿ ಪಾಲ್ಗೊಳ್ಳಬೇಕೆನ್ನುತ್ತದೆ. ಕೊನೆಯ ಬೆಂಚಿನವರೂ ಅದರಲ್ಲಿ ಸೇರಿದ್ದಾರೆ.

ನಾನು ಹೋದ ವರ್ಷ ಸೇರಿದೆ. ಜೊತೆಯವರೆಲ್ಲ ಲಂಗ, ಚಡ್ಡಿ ತೊಟ್ಟ ಪುಟಾಣಿಗಳು. ನನ್ನ ಮಂದ್ರದ ಪಂಚಮಕ್ಕೆ ಅವರಿಗೆ ನಗು. ಮನೆಯಲ್ಲಿ ಬೆಳಿಗ್ಗೆ ಇಪ್ಪತ್ತು ನಿಮಿಷ ಅಭ್ಯಾಸ ಮಾಡುವಾಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಈಗೀಗ ಮಗಳು ಬಂದು ಅದನ್ನು ತೆರೆದು ಹೋಗುತ್ತಾಳೆ.