ಧರ್ಮಬೋಧೆಯೂ ಗಾನವೂ

ವಿದ್ಯೆಯನ್ನು ಕಲಿಸುವುದೂ ದೇವರನ್ನು ಉಪಾಸಿಸುವುದೂ ಒಂದೇ ಸೂರಿನಡಿಯಲ್ಲಿ ನಡೆಯುವಾಗ, ಅನ್ಯಮತದ ವಿದ್ಯಾರ್ಥಿಯು ಎಲ್ಲಿಯವರೆಗೆ ಜೊತೆಗೂಡಬಹುದು, ಉಪಾಧ್ಯಾಯನು ಎಲ್ಲಿಯವರೆಗೆ ಅವನನ್ನು ಕರೆಯಬಹುದು ಎಂಬ ಪ್ರಶ್ನೆಯು ಮಕ್ಕಳನ್ನು ಓದಿಸುವ ಅನೇಕ ಗೃಹಸ್ಥರಿಗೆ ಎದುರಾಗಿರುವುದುಂಟು. ನನಗೆ ಅದು ಕಳೆದ ಮಾರ್ಗಶಿರದಲ್ಲಿ ಹೊನ್ನೂರಿನ ನಮ್ಮ ಮನೆಯ ಜಗಲಿಯಲ್ಲಿಯೇ ಎದುರಾಯಿತು.

ನನ್ನ ಮೊಮ್ಮಗಳು ಪಟ್ಟಣದ ಒಂದು ಕ್ಯಾಥೊಲಿಕ್ ಪ್ರೌಢಶಾಲೆಯಲ್ಲಿ ಓದುತ್ತಿರುವಳು. ಅಲ್ಲಿ ಕ್ಯಾಥೊಲಿಕ್ ಮಕ್ಕಳು ತಮ್ಮ ಧರ್ಮೋಪದೇಶದ ಪಾಠಕ್ಕೆ ಹೋಗುವ ವೇಳೆಯಲ್ಲಿ ಉಳಿದವರಿಗೆ ನೀತಿಪಾಠವು ನಡೆಯುವುದು. ಈ ಏರ್ಪಾಡಿನಲ್ಲಿ ನಮಗೆ ಯಾವ ಆಕ್ಷೇಪವೂ ಇರಲಿಲ್ಲ. ಆದರೆ ಸಂಗೀತದ ತರಗತಿಗೆ ಇಂಥ ವಿಭಾಗವಿಲ್ಲ. ಹುಡುಗಿಯ ಕಂಠವು ಚೆನ್ನಾಗಿರುವುದೆಂದು ಅವಳನ್ನು ಕ್ರಿಸ್ಮಸ್ ಹಬ್ಬದ ಗಾನಮೇಳಕ್ಕೆ ಸೇರಿಸಿಕೊಂಡರು. ಒಂದು ಸಂಜೆ ಅವಳು ಅಭ್ಯಾಸ ಮಾಡುತ್ತಿರಲು ನನ್ನ ಅಕ್ಕನವರು, “ಏನೇ ಮಗು, ದೀಪ ಹಚ್ಚುವ ಹೊತ್ತಿನಲ್ಲಿ ಈ ಹಾಡೇ?” ಎಂದರು. ಹುಡುಗಿಯು ನನ್ನ ಬಳಿಗೆ ಬಂದು, “ತಾತ, ಹಾಡಿದರೆ ತಪ್ಪೇ?” ಎಂದು ಕೇಳಿದಳು. ನಲವತ್ತು ವರ್ಷಗಳ ಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಾನು ಆಗ ಸುಮ್ಮನಾದೆನು.

ತಪ್ಪಿಲ್ಲವೆಂದು ಹೇಳುವವರ ಪಕ್ಷವು ಹೀಗಿದೆ: ನಾದಕ್ಕೆ ಮತವಿಲ್ಲ, ಗಾನವನ್ನು ಗಾನವೆಂದೇ ಕಲಿಯಬೇಕು. ಇದಕ್ಕೆ ದೃಷ್ಟಾಂತಗಳೂ ಉಂಟು. ಮುತ್ತುಸ್ವಾಮಿ ದೀಕ್ಷಿತರು (1775–1835) ಐರೋಪ್ಯರ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಆಂಗ್ಲರ ರಾಜಗೀತೆಯ ಮಟ್ಟು ಕೂಡ ಅವರಲ್ಲಿ ದೇವೀಸ್ತುತಿಯಾಯಿತು. ಅವರ ತಮ್ಮ ಬಾಲುಸ್ವಾಮಿಗಳು ಕಲಿತ ಪಿಟೀಲು ಇಂದು ನಮ್ಮ ಕಛೇರಿಗಳಿಗೆ ಅನಿವಾರ್ಯವಾದ ವಾದ್ಯ. ಹೀಗಿರಲು ಕ್ರೈಸ್ತರ ಹಾಡಿಗೆ ಅಂಜುವುದೇಕೆ?

ಈ ವಾದವು ಮನೋಹರವಾದರೂ ಪೂರ್ಣವಲ್ಲ. ದೀಕ್ಷಿತರು ಸ್ವರವನ್ನು ತೆಗೆದುಕೊಂಡರು, ಮಾತನ್ನು ತಮ್ಮದಾಗಿಸಿಕೊಂಡರು. ಶಾಲೆಯ ಹುಡುಗಿಗಾದರೋ ಆ ಸ್ವಾತಂತ್ರ್ಯವಿಲ್ಲ. ಅವಳು ಮಾತುಸಹಿತವಾಗಿಯೇ ಹಾಡಬೇಕು. ಹಾಡಿನ ಮಾತು ಎಷ್ಟು ಬಲವುಳ್ಳದ್ದೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಮಲೆಯ ಮಹದೇಶ್ವರನ ಮಹಿಮೆಯನ್ನು ಕಂಸಾಳೆಯ ದೇವರಗುಡ್ಡರು ಹಾಡಿ ಉಳಿಸಿದರು. ಮಂಟೇಸ್ವಾಮಿ ಸಿದ್ಧಪ್ಪಾಜಿಯವರ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ಮನೆಮನೆಗೂ ಮುಟ್ಟಿಸಿದರು. ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆಯಲು ಆರಿಸಿಕೊಂಡದ್ದೂ ಹಾಡುವುದಕ್ಕೆ ಒಗ್ಗುವ ಸಾಂಗತ್ಯವನ್ನೇ. ಹಾಡು ಬರಿಯ ನಾದವಾಗಿದ್ದರೆ ಇವರೆಲ್ಲರೂ ಧರ್ಮವನ್ನು ಅದರ ಕೈಗೆ ಒಪ್ಪಿಸುತ್ತಿದ್ದರೇ? ಆದುದರಿಂದ ನನ್ನ ಅಕ್ಕನವರ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಹಾಗಾದರೆ ಹಾಡಲೇಬಾರದೋ? ಇಲ್ಲಿ ಪಾಠಶಾಲೆಯಲ್ಲಿ ಕಲಿತ ಒಂದು ವಿವೇಕವು ಸಹಾಯಕ್ಕೆ ಬರುವುದು. ನಾವು ಯಾವ ವ್ರತವನ್ನು ಮಾಡುವಾಗಲೂ ಮೊದಲು ಸಂಕಲ್ಪವನ್ನು ಮಾಡುತ್ತೇವೆ. ಸ್ನಾನಕ್ಕೆಂದು ನದಿಯಲ್ಲಿ ಮುಳುಗಿದವನೂ ಪುಣ್ಯಕ್ಕೆಂದು ಮುಳುಗಿದವನೂ ಒಂದೇ ನೀರಿನಲ್ಲಿ ನೆನೆದರೂ ಅವರು ಮಾಡಿದ ಕರ್ಮ ಒಂದೇ ಅಲ್ಲ. ಹಾಡನ್ನು ಉಪಾಸನೆಯನ್ನಾಗಿ ಮಾಡುವುದು ಹಾಡುವವನ ಸಂಕಲ್ಪ. ಆ ಸಂಕಲ್ಪವನ್ನು ಇನ್ನೊಬ್ಬರು ಅವನ ಪರವಾಗಿ ಮಾಡಲಾರರು. ಬಲಾತ್ಕಾರದಿಂದ ಮಾಡಿಸಹೊರಟರೆ ದೊರೆಯುವುದು ಭಕ್ತಿಯಲ್ಲ, ಸುಳ್ಳು.

ಈ ಮಾತನ್ನು ಬರೆಯುವಾಗ ನನ್ನದೇ ಒಂದು ಅಪರಾಧವು ನೆನಪಿಗೆ ಬರುತ್ತದೆ. ನಾನು ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ ಪ್ರಾತಃಕಾಲದ ಪ್ರಾರ್ಥನೆಗೆ ಸಂಸ್ಕೃತ ಶ್ಲೋಕಗಳನ್ನು ಹೇಳಿಸುತ್ತಿದ್ದೆನು. ಮಾರ್ಟಳ್ಳಿಯ ಕಡೆ ತಲೆಮಾರುಗಳಿಂದ ನೆಲೆಸಿದ ಕ್ರೈಸ್ತ ಕುಟುಂಬಗಳುಂಟಷ್ಟೆ. ಆ ಕಡೆಯಿಂದ ಬಂದ ಹುಡುಗನೊಬ್ಬನು ಕೈಕಟ್ಟಿಕೊಂಡು, ತುಟಿ ಮುಚ್ಚಿಕೊಂಡು, ವಿನಯದಿಂದ ನಿಲ್ಲುತ್ತಿದ್ದನು. ಅದನ್ನು ಅವಿಧೇಯತೆಯೆಂದು ಭಾವಿಸಿ ಒಂದು ದಿನ ಎಲ್ಲರೆದುರಿಗೆ ಅವನೊಬ್ಬನೇ ಹೇಳುವಂತೆ ಆಜ್ಞಾಪಿಸಿದೆನು. ಅವನು ಹೇಳಿದನು. ಉಚ್ಚಾರಣೆಯಲ್ಲಿ ಒಂದು ದೋಷವೂ ಇರಲಿಲ್ಲ. ನಾನು ಅದನ್ನು ನನ್ನ ಬೋಧನೆಯ ಜಯವೆಂದೇ ಎಣಿಸಿದೆನು. ಆ ಮೇಲೆ ಅವನು ಶಾಲೆಯನ್ನು ಬಿಡುವವರೆಗೂ ನನ್ನ ಮುಖವನ್ನು ನೋಡಿ ಮಾತನಾಡಲಿಲ್ಲ.

ಕೆಲವು ವರ್ಷಗಳ ತರುವಾಯ ಪತ್ರಿಕೆಯಲ್ಲಿ ಒಂದು ವರ್ತಮಾನವನ್ನು ಓದಿದೆನು. ಕೇರಳದಲ್ಲಿ ಒಡಹುಟ್ಟಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆಯಲ್ಲಿ ಗೌರವದಿಂದ ಎದ್ದು ನಿಂತರೂ ತಮ್ಮ ಮತಶ್ರದ್ಧೆಯ ಕಾರಣದಿಂದ ಹಾಡಲಿಲ್ಲವೆಂದು 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು 1986ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪನ್ನು ಮೆಚ್ಚಿಕೊಂಡೆನು, ಆದರೆ ನನ್ನ ಹುಡುಗನು ನೆನಪಿಗೆ ಬರಲಿಲ್ಲ. ಮೊಮ್ಮಗಳು ಎದುರಿಗೆ ನಿಂತು ಕೇಳಿದಾಗ ಬಂದನು.

ನಮ್ಮ ಸಂವಿಧಾನದ 28ನೆಯ ವಿಧಿಯು ಸರಕಾರದ ಮಾನ್ಯತೆ ಅಥವಾ ಸಹಾಯಧನ ಪಡೆದ ಶಾಲೆಗಳಲ್ಲಿ ಅಪ್ರಾಪ್ತವಯಸ್ಕರನ್ನು ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧೆಗಾಗಲಿ ಉಪಾಸನೆಗಾಗಲಿ ಬಲವಂತಪಡಿಸಕೂಡದೆಂದು ವಿಧಿಸಿದೆ. ಕ್ಯಾಥೊಲಿಕ್ ಸಭೆಯೂ ತನ್ನ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರ ಡಿಸೆಂಬರ್ 7ರಂದು, ಧರ್ಮದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಕೂಡದೆಂದು ಘೋಷಿಸಿತು. ಎರಡೂ ಒಂದೇ ಮಾತನ್ನು ಹೇಳುತ್ತಿವೆ. ಆದರೆ ಶಾಸನವು ಬಲವಂತವನ್ನು ತಡೆಯಬಲ್ಲುದೇ ಹೊರತು ಉಪಾಧ್ಯಾಯನ ಹುಬ್ಬುಗಂಟನ್ನು ತಡೆಯಲಾರದು. ‘ಇಷ್ಟವಿಲ್ಲದವರು ಹಾಡಬೇಕಾಗಿಲ್ಲ’ ಎಂದು ಹೇಳಿ, ಹಾಡದ ಮಗುವನ್ನು ಕಡೆಗಣ್ಣಿನಿಂದ ನೋಡಿದರೆ, ಕೊಟ್ಟ ಸ್ವಾತಂತ್ರ್ಯವನ್ನು ಕಿತ್ತುಕೊಂಡಂತೆಯೇ ಸರಿ.

ಆದುದರಿಂದ ನನಗೆ ತೋರುವ ನಿರ್ಣಯವಿಷ್ಟು. ಅನ್ಯಧರ್ಮವು ಏನು ಹೇಳುವುದೆಂಬ ತಿಳಿವಳಿಕೆಯನ್ನು ಎಲ್ಲ ಮಕ್ಕಳಿಗೂ ಕಲಿಸಬಹುದು. ಅದರಿಂದ ಯಾರ ಧರ್ಮಕ್ಕೂ ಹಾನಿಯಿಲ್ಲ. ಗಾನಕ್ಕೆ ಎಲ್ಲರನ್ನೂ ಕರೆಯಬಹುದು, ಆದರೆ ಬಾರದವನ ಮಾನವನ್ನು ಕಾಯಬೇಕು. ಉಪಾಸನೆಯನ್ನಂತೂ ಮಗುವಿಗೂ ಮನೆಗೂ ಬಿಟ್ಟುಬಿಡಬೇಕು. ಈ ಅಳತೆಗೋಲನ್ನು ಕ್ರೈಸ್ತರ ಶಾಲೆಗೆ ಹಿಡಿಯುವ ನಾವು ನಮ್ಮ ಶಾಲೆಗಳಿಗೂ ಹಿಡಿಯದಿದ್ದರೆ ಅದು ನ್ಯಾಯವಲ್ಲ, ಬರಿಯ ಪಕ್ಷಪಾತ.

ಮಾರನೆಯ ದಿನ ಮೊಮ್ಮಗಳನ್ನು ಕರೆದು, “ಮೊದಲು ಹಾಡಿನ ಅರ್ಥವನ್ನು ಕೇಳಿ ತಿಳಿದುಕೋ ಮಗು. ಮನಸ್ಸು ಒಪ್ಪಿದಲ್ಲಿ ಹಾಡು. ಒಪ್ಪದ ಮಾತು ಬಂದಲ್ಲಿ ಸುಮ್ಮನಿದ್ದು ಉಳಿದವರು ಹಾಡುವುದನ್ನು ಗೌರವದಿಂದ ಕೇಳು. ಸುಮ್ಮನಿದ್ದುದಕ್ಕೆ ಯಾರಾದರೂ ಗದರಿದರೆ ನನಗೆ ಹೇಳು” ಎಂದೆನು. ಅವಳು ಹಾಡಿದಳು. ನನ್ನ ಅಕ್ಕನವರು ಬರಲಿಲ್ಲ. ನಾನು ಅವರನ್ನು ಬಲವಂತಪಡಿಸಲಿಲ್ಲ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆನು. ಮೇಳದ ಒಂದು ಕೊನೆಯಲ್ಲಿ ಪುಟ್ಟ ಹುಡುಗನೊಬ್ಬನು ತುಟಿ ಮುಚ್ಚಿಕೊಂಡು ನಿಂತಿದ್ದನು. ಅವನಿಗೆ ಹಾಡು ಮರೆತಿತ್ತೋ, ಮನಸ್ಸಿರಲಿಲ್ಲವೋ ನನಗೆ ತಿಳಿಯದು. ಅವನ ಉಪಾಧ್ಯಾಯಿನಿಯು ಅವನನ್ನು ಏನೂ ಕೇಳಲಿಲ್ಲ. ನಾನು ಅಂದು ಮಾಡಬೇಕಾಗಿದ್ದುದೂ ಅಷ್ಟೇ ಆಗಿತ್ತು.